ಸಲೈನ್ ಬಾಟಲಿಯ ಲೆಕ್ಕ

ಗಂಗಾವತಿಯ ಸುತ್ತ ಭತ್ತದ ನಾಟಿ ಶುರುವಾಯಿತೆಂದರೆ ನಮ್ಮ ಸಣ್ಣ ನರ್ಸಿಂಗ್ ಹೋಮ್‌ಗೆ ಬರುವ ಕೂಲಿಯವರ ಬೇಡಿಕೆ ಹೆಚ್ಚುಕಡಿಮೆ ಒಂದೇ: “ಡಾಕ್ಟರೇ, ಕೈಕಾಲು ಸೋತಿವೆ, ಒಂದು ಸಲೈನ್ ಹಚ್ಚಿಬಿಡಿ.” ಕೇಳಿದ್ದನ್ನು ಹಚ್ಚಿ ಕಳಿಸಿದರೆ ಅವರಿಗೂ ಸಮಾಧಾನ, ಗಲ್ಲಾಪೆಟ್ಟಿಗೆಗೂ ಸಮಾಧಾನ. ಬಾಟಲಿಯೊಂದೇ ಆದರೆ ಅಂಥ ದುಬಾರಿಯೇನಲ್ಲ, ಅದರ ಬೆಲೆಗೆ ಸರ್ಕಾರದ ಮಿತಿ ಇದೆ. ಬಿಲ್ಲು ಬೆಳೆಯುವುದು ಅದರ ಬೆನ್ನಿಗೆ ಬರುವ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ನಳಿಕೆ), ಐವಿ ಸೆಟ್ (ಬಾಟಲಿಯಿಂದ ಅದಕ್ಕೆ ಬರುವ ಕೊಳವೆ), ಹಾಸಿಗೆ ಬಾಡಿಗೆ, ಹಚ್ಚಿದ್ದಕ್ಕೆ ಚಾರ್ಜು, ಬಾಟಲಿಯನ್ನು ಹಳದಿ ಮಾಡುವ ವಿಟಮಿನ್ ಇಂಜೆಕ್ಷನ್‌ಗಳಿಂದ. ಆ ಹಳದಿ ಬಣ್ಣಕ್ಕೆ ನಮ್ಮ ಕಡೆ ಇರುವ ಮರ್ಯಾದೆ ಯಾವ ಡಾಕ್ಟರನಿಗೂ ಇಲ್ಲ. ಇಷ್ಟಾಗಿ 5 ಪರ್ಸೆಂಟ್ ಗ್ಲೂಕೋಸಿನ ಅರ್ಧ ಲೀಟರಿನಲ್ಲಿರುವುದು 25 ಗ್ರಾಂ ಸಕ್ಕರೆ, ಒಂದು ಜೋಳದ ರೊಟ್ಟಿಯಷ್ಟೂ ಶಕ್ತಿ ಅದರಲ್ಲಿಲ್ಲ.

ಬೇಡದ ಈ ಸಲೈನನ್ನು ಕಡಿಮೆ ಮಾಡಬೇಕೆಂದು ಹೊರಟಾಗ ನಾನು ಮೊದಲು ಕೈಹಾಕಿದ್ದು ಬಿಲ್ಲಿಗೆ. ಬಾಟಲಿಯನ್ನು ಕೊಂಡ ಬೆಲೆಗೇ ಕೊಡತೊಡಗಿದೆ. ರೋಗಿಯನ್ನು ನಾಲ್ಕು ಗಂಟೆ ನಿಗಾದಲ್ಲಿ ಇಟ್ಟುಕೊಳ್ಳುವುದಕ್ಕೆ ಒಂದು ಶುಲ್ಕ ಗೊತ್ತುಮಾಡಿದೆ. ಸಲೈನ್ ಹಚ್ಚಿದರೂ ಅಷ್ಟೇ, ಉಪ್ಪು-ಸಕ್ಕರೆ ಬೆರೆತ ಓಆರ್‌ಎಸ್ ನೀರು ಕುಡಿಸಿದರೂ ಅಷ್ಟೇ. ಬಾಟಲಿ ನೇತುಹಾಕಿ ಹೋಗುವುದಕ್ಕಿಂತ, ವಾಂತಿಯಾಗುತ್ತಿರುವವರ ಪಕ್ಕ ಕುಳಿತು ಗುಟುಕು ಗುಟುಕಾಗಿ ಕುಡಿಸುವುದು ಸಿಸ್ಟರ್‌ಗಳಿಗೆ ಹೆಚ್ಚಿನ ಕೆಲಸ. ಆ ಕೆಲಸಕ್ಕೆ ಬೆಲೆ ಕಟ್ಟದಿದ್ದರೆ ಅದನ್ನು ಯಾರೂ ಮಾಡುವುದಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಸಲೈನ್ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆ ನೀರಿನಿಂದಲೇ ಕಾಲರಾ ರೋಗಿಗಳನ್ನು ಉಳಿಸಿದ್ದನ್ನು ನಮ್ಮವರಿಗೆ ಆಗಾಗ ಹೇಳುತ್ತಿರುತ್ತೇನೆ. ಔಷಧ ಅಂಗಡಿ ನೋಡಿಕೊಳ್ಳುವ ಹುಡುಗನಿಗೆ ಮಾತ್ರ ಆ ಕಥೆ ರುಚಿಸಿಲ್ಲ.

ಒಳರೋಗಿಗಳ ಲೆಕ್ಕ ಬೇರೆ. ಬಾಯಿಂದ ಏನೂ ತೆಗೆದುಕೊಳ್ಳಲಾಗದ 60 ಕಿಲೋ ತೂಕದವರಿಗೆ ದಿನಕ್ಕೆ ಬೇಕಾದದ್ದು ಒಂದೂವರೆಯಿಂದ 1.8 ಲೀಟರ್ ನೀರು, ಸುಮಾರು ಮೂರೂವರೆ ಗ್ರಾಂ ಉಪ್ಪು. ಅರ್ಧ ಲೀಟರಿನ ಮೂರು ಬಾಟಲಿ ನಾರ್ಮಲ್ ಸಲೈನ್‌ನಲ್ಲಿ (ಬರೀ ಉಪ್ಪುನೀರಿನ ಸಲೈನ್) ಉಪ್ಪೇ 13.5 ಗ್ರಾಂ. ವಯಸ್ಸಾದವರಿಗೆ ಇದು ನಾಲ್ಕು ದಿನ ನಡೆದರೆ ಕಾಲು ಊದಿ ಉಸಿರು ಕಟ್ಟಬಹುದು. ಆಮೇಲೆ ನೀರಿಳಿಸುವ ಇಂಜೆಕ್ಷನ್, ಎಕ್ಸ್‌ರೇ, ಇನ್ನೆರಡು ದಿನ ಹಾಸಿಗೆ, ಜೊತೆಗಿದ್ದ ಮಗನ ಎರಡು ದಿನದ ಕೂಲಿ. ಅಗ್ಗದ ಬಾಟಲಿ ದುಬಾರಿಯಾಗುವುದು ಹೀಗೆ. ಆದ್ದರಿಂದ ಬೆಳಗಿನ ರೌಂಡ್ಸಿನಲ್ಲಿ ಪ್ರತಿ ಸ್ಟ್ಯಾಂಡಿನ ಮುಂದೆ ನಿಂತು, ಇದು ಇಂದು ಯಾಕೆ ಓಡುತ್ತಿದೆ ಎಂದು ಕೇಳುತ್ತೇನೆ. ಗಂಜಿ ಕುಡಿದು ದಕ್ಕಿಸಿಕೊಂಡವರ ಬಾಟಲಿ ಅಲ್ಲಿಗೇ ನಿಲ್ಲುತ್ತದೆ, ಕ್ಯಾನುಲಾ ಬೇರೆ ಯಾವುದಕ್ಕೂ ಬೇಡವಾದರೆ ಅದನ್ನೂ ತೆಗೆಸುತ್ತೇನೆ.

ಹನಿಯ ವೇಗದ್ದು ಇನ್ನೊಂದು ಪಾಡು. ನಮ್ಮ ಸೆಟ್‌ನಲ್ಲಿ 20 ಹನಿಗೆ ಒಂದು ಮಿಲಿಲೀಟರ್. ಅರ್ಧ ಲೀಟರ್ ಆರು ಗಂಟೆ ಓಡಬೇಕಾದರೆ ನಿಮಿಷಕ್ಕೆ 28 ಹನಿ. ಕನಕಗಿರಿಯ ಕೊನೆಯ ಬಸ್ಸು ತಪ್ಪುತ್ತದೆಂದು ಸಂಬಂಧಿಕರೇ ಕೊಳವೆಯ ಮೇಲಿನ ಚಕ್ರ ತಿರುಗಿಸಿ ಜೋರು ಮಾಡಿರುತ್ತಾರೆ. ಈಗ ಬಾಟಲಿಗೆ ಬಿಳಿ ಪಟ್ಟಿ ಅಂಟಿಸಿ, ಎಷ್ಟು ಹೊತ್ತಿಗೆ ಎಲ್ಲಿಗೆ ಇಳಿಯಬೇಕೆಂದು ಪೆನ್ನಿನಲ್ಲಿ ಗೀಟು ಹಾಕಿಸುತ್ತೇವೆ.

ಅಂಗಡಿಯ ಆದಾಯ ಇಳಿಯಿತು, ನಿಗಾ ಶುಲ್ಕ ಅದರ ಬಹುಪಾಲನ್ನು ತುಂಬಿತು, ಪೂರ್ತಿಯಲ್ಲ. ಸಲೈನ್ ಹಚ್ಚದ ಡಾಕ್ಟರೆಂದು ಕೆಲವರು ಬೇರೆ ಕಡೆ ಹೋದರು, ಹೋಗಲಿ. ಆದರೆ ಬಿ.ಪಿ. ಕುಸಿದವರಿಗೆ, ಭೇದಿಯಿಂದ ಕಣ್ಣು ಗುಳಿಬಿದ್ದು ನಾಡಿ ಸಿಗದವರಿಗೆ ರಿಂಗರ್ ಲ್ಯಾಕ್ಟೇಟ್ (ಹಲವು ಲವಣಗಳಿರುವ ಇನ್ನೊಂದು ಬಗೆಯ ಸಲೈನ್) ಧಾರಾಳವಾಗಿ, ಬೇಗನೆ ಹೋಗಲೇಬೇಕು. ಅಲ್ಲಿ ಬಿಲ್ಲಿನ ಮಾತೇ ಇಲ್ಲ.

ಖರೀದಿಯಲ್ಲೂ ನಾನು ಚೌಕಾಸಿ ಬಿಟ್ಟಿದ್ದೇನೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಬಾಣಂತಿಯರು ಸತ್ತು ರಿಂಗರ್ ಲ್ಯಾಕ್ಟೇಟ್ ಮೇಲೆ ಅನುಮಾನ ಬಿದ್ದಂದಿನಿಂದ ಜನರೂ ಬಾಟಲಿಯನ್ನು ತಿರುಗಿಸಿ ನೋಡುತ್ತಾರೆ. ನಾವು ಪ್ರತಿ ಬಾಟಲಿಯನ್ನು ಬೆಳಕಿಗೆ ಹಿಡಿದು, ಹಿಚುಕಿ ಸೋರಿಕೆ ಪರೀಕ್ಷಿಸಿ, ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆದ ಮೇಲೆಯೇ ಹಚ್ಚುತ್ತೇವೆ. ಕಣ್ಣಿಗೆ ಕಾಣುವ ದೋಷ ಮಾತ್ರ ಇದರಿಂದ ಸಿಗುತ್ತದೆ, ನಿಜ. ಆದರೂ ನಾಳೆ ಯಾವುದಾದರೂ ಬ್ಯಾಚನ್ನು ತಡೆಹಿಡಿಯಿರಿ ಎಂದು ಆದೇಶ ಬಂದರೆ, ಅದು ಯಾರ ಮೈಗೆ ಹೋಗಿದೆಯೆಂದು ಹುಡುಕಲು ಆ ಒಂದು ಸಾಲು ಸಾಕು.