ನಾಲ್ಕು ಜಿಬಿ ಕಾರ್ಡಿನಲ್ಲಿ 214 ಮಾಡ್: ಲಿಡಿಯಾಳ ಮುಖದ ಮಸಿ ಹೋದ ಕಥೆ

ಕಳೆದ ತಿಂಗಳು ಸ್ಕೈರಿಮ್ ಎಂಬ ಕಂಪ್ಯೂಟರ್ ಗೇಮ್‌ನಲ್ಲಿ ನನ್ನ ಈಗಿನ ಆಟ ತೊಂಬತ್ತು ಗಂಟೆ ದಾಟಿತು. ಹಾಕಿಕೊಂಡಿರುವ ಮಾಡ್‌ಗಳು, ಅಂದರೆ ಆಟಗಾರರೇ ಮಾಡಿ ಹಂಚುವ ಬದಲಾವಣೆಗಳು, 214. ಇಷ್ಟು ಹೊತ್ತಿನಲ್ಲಿ ಆಟ ಇದ್ದಕ್ಕಿದ್ದಂತೆ ಮುಚ್ಚಿಕೊಂಡದ್ದು ಎರಡೇ ಸಲ. ಅದರಲ್ಲೂ ಒಂದು ಸಲ ಮಳೆಗಾಲದ ರಾತ್ರಿ ಕರೆಂಟ್ ಹೋಗಿ, ಹಳೆಯ ಬ್ಯಾಟರಿ ಕೈಕೊಟ್ಟದ್ದು. ಅದನ್ನು ಆಟದ ಲೆಕ್ಕಕ್ಕೆ ಹಾಕುವುದು ನ್ಯಾಯವಲ್ಲ.

ಇದನ್ನು ಬರೆಯಲು ಕಾರಣ ನನ್ನ ಅಕ್ಕನ ಮಗ. ಎರಡು ವರ್ಷದ ಹಿಂದೆ ನನ್ನ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನ ಲ್ಯಾಪ್‌ಟಾಪ್ ನೋಡಿ ನಕ್ಕಿದ್ದ. “ಮಾಮ, ನಾಲ್ಕು ಜಿಬಿ ಕಾರ್ಡಿನಲ್ಲಿ ನೂರು ಮಾಡ್ ದಾಟಿದರೆ ವೈಟ್‌ರನ್ ಬಾಗಿಲೇ ತೆರೆಯುವುದಿಲ್ಲ. ಎಂಬತ್ತು ಸಾವಿರ ಕೊಟ್ಟು ಹೊಸದು ತೆಗೆದುಕೊಳ್ಳಿ, ಇಲ್ಲವಾದರೆ ಯಾರೋ ಕಟ್ಟಿಟ್ಟ ಸಿದ್ಧ ಪಟ್ಟಿ ಹಾಕಿಕೊಳ್ಳಿ” ಎಂದ. ಸಿದ್ಧ ಪಟ್ಟಿಗಳನ್ನು ನೋಡಿದೆ. ನನ್ನ ಕಣ್ಣಿಗೆ ಬಿದ್ದವೆಲ್ಲ ಇನ್ನೂರು ಜಿಬಿಗೂ ಹೆಚ್ಚು ಜಾಗ ಕೇಳುವಂಥವು. ಬೇರೆಯವರ ಅಡುಗೆಗೆ ನನ್ನ ಒಲೆ ಸಾಲದು ಎಂದು ಬಿಟ್ಟೆ.

ಮೊದಲ ಪಟ್ಟಿಯನ್ನು ಎಲ್ಲರಂತೆಯೇ ಕಟ್ಟಿದೆ: ಹೆಚ್ಚು ಮೆಚ್ಚುಗೆ ಬಂದದ್ದನ್ನೆಲ್ಲ ಎತ್ತಿಕೊಂಡೆ. ಮದುವೆ ಊಟದಲ್ಲಿ ಹಸಿದವನು ಬಡಿಸಿದ್ದನ್ನೆಲ್ಲ ಹಾಕಿಸಿಕೊಂಡಂತೆ. ವೈಟ್‌ರನ್ ಊರೊಂದನ್ನೇ ಮುಟ್ಟುವ ಮಾಡ್‌ಗಳು ಆರೋ ಏಳೋ ಇದ್ದವು. ಮಾರುಕಟ್ಟೆಯ ನಡುವೆ ಒಂದು ಮರ ಅಂಗಡಿಯ ಸೂರನ್ನು ಸೀಳಿಕೊಂಡು ನಿಂತಿತ್ತು. ಲೂಟ್ ಎಂಬ ಸಾಧನ ಒತ್ತಿ ಪ್ಲಗಿನ್‌ಗಳನ್ನು, ಅಂದರೆ ಮಾಡ್‌ಗಳ ದಾಖಲೆ ಕಡತಗಳನ್ನು, ಜೋಡಿಸಿದ್ದೆನಲ್ಲ, ಇನ್ನೇನು ತೊಂದರೆ ಎಂಬ ಧೈರ್ಯ. ಲೂಟ್‌ನದು ಸರತಿ ಸಾಲಿನ ಕೆಲಸ, ಯಾರ ಹಿಂದೆ ಯಾರು ಎಂಬುದಷ್ಟೇ. ಸಾಲಿನಲ್ಲಿ ನಿಲ್ಲಿಸುವುದು ಬೇರೆ, ಜಗಳ ಬಿಡಿಸುವುದು ಬೇರೆ. ಇದು ನನಗೆ ತಿಳಿದದ್ದು ಆಟದಲ್ಲಿ ಜೊತೆಗೆ ಬರುವ ಸಂಗಾತಿ ಲಿಡಿಯಾಳಿಂದ.

ಅವಳ ಮುಖ ಕಪ್ಪಾಗಿತ್ತು. ಕುತ್ತಿಗೆಯವರೆಗೆ ಸರಿಯಾದ ಬಣ್ಣ, ಅದರ ಮೇಲೆ ಕಾವಲಿ ತಳದ ಮಸಿ ಬಳಿದಂತೆ ಮುಖ. ಬೆಳಕಿನ ಮಾಡ್ ತೆಗೆದೆ, ಚರ್ಮದ ಮಾಡ್ ಬದಲಿಸಿದೆ, ಹೊಸ ಆಟ ಶುರು ಮಾಡಿದೆ. ನಾಲ್ಕು ರಾತ್ರಿ ಹಾಳು. ಐದನೆಯ ರಾತ್ರಿ ಮಾಡ್‌ಗಳ ದಾಖಲೆಗಳನ್ನು ತಿದ್ದುವ ಎಸ್‌ಎಸ್‌ಇಎಡಿಟ್‌ನಲ್ಲಿ ಅವಳ ದಾಖಲೆ ತೆರೆದಾಗ ಹೊಳೆಯಿತು. ಮುಖ ಚೆಂದ ಮಾಡುವ ಒಂದು ಮಾಡ್, ಸಂಗಾತಿಗಳ ಯುದ್ಧಕೌಶಲ ಹೆಚ್ಚಿಸುವ ಇನ್ನೊಂದು ಮಾಡ್; ಎರಡೂ ಲಿಡಿಯಾಳನ್ನು ತಮ್ಮವಳೆಂದು ಹೇಳುತ್ತಿದ್ದವು. ಮುಖದ ಆಕಾರದ ಕಡತದಲ್ಲಿ ಮೊದಲನೆಯದು ಗೆದ್ದಿತ್ತು. ದಾಖಲೆಯಲ್ಲಿ, ಸಾಲಿನ ಕೊನೆಗಿದ್ದ ಎರಡನೆಯದು ಗೆದ್ದಿತ್ತು. ಮೂಗು ಒಬ್ಬರದು, ಮೂಗಿನ ಲೆಕ್ಕಪತ್ರ ಇನ್ನೊಬ್ಬರದು. ಎರಡೂ ತಾಳೆಯಾಗದಿದ್ದರೆ ಆಟ ಮುಖಕ್ಕೆ ಮಸಿ ಬಳಿಯುತ್ತದೆ.

ಮಾಡ್‌ಗಳನ್ನು ಹಾಕಿ ಜೋಡಿಸುವ ಮಾಡ್ ಆರ್ಗನೈಜರ್‌ನ ಎಡಗಡೆಯ ಪಟ್ಟಿ ಕಡತಗಳ ಪಂದ್ಯ, ಬಲಗಡೆಯದು ದಾಖಲೆಗಳ ಪಂದ್ಯ ಎಂದು ಎಲ್ಲರೂ ಓದಿರುತ್ತಾರೆ, ನಾನೂ ಓದಿದ್ದೆ. ಆದರೆ ಎರಡರಲ್ಲೂ ಬೇರೆ ಬೇರೆಯವರು ಗೆದ್ದರೆ ಏನಾಗುತ್ತದೆ ಎಂದು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಖಾಲಿ ಪ್ಲಗಿನ್ ಒಂದನ್ನು ಮಾಡಿ, ಎರಡನೆಯ ಮಾಡ್‌ನ ದಾಖಲೆಯನ್ನು ಅದಕ್ಕೆ ನಕಲು ಮಾಡಿ, ಕೂದಲು, ತಲೆಯ ಭಾಗಗಳು, ಬಣ್ಣದ ಪದರಗಳು, ತೂಕ ಇಷ್ಟನ್ನು ಮೊದಲ ಮಾಡ್‌ನ ಕಾಲಮ್ಮಿನಿಂದ ಎಳೆದು ಹಾಕಿದೆ. ಹತ್ತು ನಿಮಿಷದ ಕೆಲಸ. ಲಿಡಿಯಾ ನೆಟ್ಟಗಾದಳು. ಅಂದಿನಿಂದ ಹೀಗೆ ಜಗಳ ಬಿಡಿಸುವ ನನ್ನ ಸ್ವಂತ ಪ್ಯಾಚ್‌ಗೆ ಹೊಸ ಸಾಲು ಸೇರುತ್ತಲೇ ಇದೆ. ಈಗ ಸುಮಾರು ಮುನ್ನೂರು ದಾಖಲೆಗಳಿವೆ.

ಇದಕ್ಕೂ ಮುಂಚೆ ಮಾಡಿಕೊಂಡ ಎಡವಟ್ಟುಗಳನ್ನೂ ಹೇಳಿಬಿಡುತ್ತೇನೆ. 31ನೆಯ ಹಂತ ತಲುಪಿದ ಆಟದ ನಡುವೆ ಹಸಿವು-ಚಳಿಯ ಮಾಡ್ ಒಂದನ್ನು ಕಿತ್ತೆ. ಅದರ ಸ್ಕ್ರಿಪ್ಟ್‌ಗಳು ಸೇವ್ ಕಡತದಲ್ಲಿ ದೆವ್ವಗಳಂತೆ ಉಳಿದುಕೊಂಡವು. ಒಂದು ವಾರದಲ್ಲಿ ಆ ಸೇವ್ ತೆರೆಯುವುದನ್ನೇ ನಿಲ್ಲಿಸಿತು. ಅರವತ್ತು ಗಂಟೆ ನೀರಿಗೆ ಹೋಯಿತು. ಇನ್ನೊಮ್ಮೆ, ಪ್ಲಗಿನ್‌ಗಳಿಗಿರುವ 254ರ ಮಿತಿ ಹತ್ತಿರವಾಯಿತೆಂದು ಹೆದರಿ, ಕಂಡ ಪ್ಲಗಿನ್‌ಗಳನ್ನೆಲ್ಲ ಆ ಮಿತಿಯ ಲೆಕ್ಕಕ್ಕೆ ಬಾರದ ಹಗುರ ರೂಪವಾದ ಇಎಸ್‌ಎಲ್ ಮಾಡಲು ಹೊರಟೆ. ಒಂದರ ಗುರುತಿನ ಸಂಖ್ಯೆಗಳನ್ನು ಒತ್ತಿ ಚಿಕ್ಕದು ಮಾಡಿದ್ದೇ ತಡ, ಅದನ್ನು ನಂಬಿಕೊಂಡಿದ್ದ ಮೂರು ಪ್ಯಾಚ್‌ಗಳು ವಿಳಾಸವಿಲ್ಲದ ಮನೆಗೆ ಕಾಗದ ಹಾಕತೊಡಗಿದವು. 2023ರ ಡಿಸೆಂಬರ್‌ನಲ್ಲಿ ಆಟದ ಅಪ್‌ಡೇಟ್ ಬಂದು 1.6.1130 ಆದಾಗ ಅನೇಕ ಮಾಡ್‌ಗಳಿಗೆ ಆಧಾರವಾದ ಎಸ್‌ಕೆಎಸ್‌ಇ ಕೈಯೆತ್ತಿತು, ಅದರ ಬೆನ್ನ ಮೇಲಿದ್ದ ಮೆನು ಮಾಡ್ ಸ್ಕೈಯುಐ ಕೂಡ. ಈಗ ನನ್ನದು ಹಳೆಯ 1.5.97 ಆವೃತ್ತಿಯಲ್ಲೇ ನಿಂತಿದೆ. ಅಪ್‌ಡೇಟ್ ಒಳಗೆ ಬಾರದಂತೆ ಬಾಗಿಲು ಹಾಕಿದ್ದೇನೆ.

ಕೊನೆಗೆ ಫಲ ಕೊಟ್ಟ ಕ್ರಮ ಇದು. ಮಾಡ್‌ನ ಪುಟವನ್ನು ಆಮೇಲೆ ಓದುತ್ತೇನೆ, ಅದರ ಪ್ಯಾಚ್‌ಗಳ ಪಟ್ಟಿಯನ್ನು ಮೊದಲು. ನನ್ನಲ್ಲಿರುವ ದೊಡ್ಡ ಮಾಡ್‌ಗಳಿಗೆ ಅಲ್ಲಿ ಪ್ಯಾಚ್ ಇಲ್ಲದಿದ್ದರೆ, ಎಷ್ಟೇ ಚೆಂದವಿದ್ದರೂ ಮನೆಗೆ ಸೇರಿಸುವುದಿಲ್ಲ. ಒಂದು ಕೆಲಸಕ್ಕೆ ಒಬ್ಬನೇ ಯಜಮಾನ: ಊರುಗಳಿಗೆ ಜೆಕೆಸ್ ಸ್ಕೈರಿಮ್, ಕೌಶಲಗಳಿಗೆ ಆರ್ಡಿನೇಟರ್, ಹವಾಮಾನಕ್ಕೆ ಒಂದೇ ಒಂದು. ಎಂಟರಿಂದ ಹತ್ತರ ಗುಂಪಾಗಿ ಸೇರಿಸುತ್ತೇನೆ. ಪ್ರತಿ ಗುಂಪಿನ ನಂತರ ಹೊಸ ಪಾತ್ರದೊಂದಿಗೆ ಒಂದೇ ದಾರಿಯಲ್ಲಿ ಓಡುತ್ತೇನೆ. ಆಟ ಶುರುವಾಗುವ ಹೆಲ್ಗೆನ್ ಬಂಡಿಯ ದೃಶ್ಯ ಬೇಡ. ಸೆಕೆಂಡಿಗೆ ಫ್ರೇಮ್ 60 ದಾಟಿದರೆ ಆಟದ ಭೌತಶಾಸ್ತ್ರ ಕೆಟ್ಟು ಆ ಬಂಡಿ ಪಲ್ಟಿ ಹೊಡೆಯುತ್ತದೆ. ಬೇರೆ ಕಡೆಯಿಂದ ಆಟ ಶುರು ಮಾಡಿಸುವ ಆಲ್ಟರ್ನೇಟ್ ಸ್ಟಾರ್ಟ್ ಮಾಡ್‌ನಿಂದ ನೇರ ರಿವರ್‌ವುಡ್ ಸೇತುವೆ, ಅಲ್ಲಿಂದ ನದಿಯ ಬದಿಯಲ್ಲಿ ಕೆಳಗಿಳಿದು ವೈಟ್‌ರನ್ ಕುದುರೆ ಲಾಯ, ಡ್ರ್ಯಾಗನ್ಸ್‌ರೀಚ್ ಅರಮನೆಯ ಒಳಗೆ, ಹೊರಗೆ. ಆಮೇಲಿನ ಮೂರು ನಿಲ್ದಾಣಗಳನ್ನು ನಾನು ಹೇಳುವುದಿಲ್ಲ. ಯಾವ ಕ್ರ್ಯಾಶ್ ಅಡಗಿ ಕುಳಿತಿದ್ದರೂ ಅಲ್ಲಿ ಹೊರಬೀಳುತ್ತದೆ, ಅದನ್ನು ಹುಡುಕಲು ನನಗೆ ಎಂಟು ತಿಂಗಳು ಹಿಡಿದಿದೆ.

ಹಣದ ವಿಚಾರ. ಆಟ ರಿಯಾಯಿತಿಯಲ್ಲಿ ಐನೂರೋ ಆರುನೂರೋ ಇತ್ತು. ಎಂಟು ಜಿಬಿ ರ‍್ಯಾಮ್ ಎರಡು ಸಾವಿರದ ಆಸುಪಾಸು. ಅಂಗಡಿಯವನು ಮೊದಲು ಬೇರೆ ವೇಗದ್ದನ್ನು ಕೊಟ್ಟು, ಬದಲಿಸಲು ಎರಡು ಸಲ ಅಲೆದಾಡಿಸಿದ. ಅರ್ಧ ಟಿಬಿ ಎಸ್‌ಎಸ್‌ಡಿ ಮೂರೂವರೆ ಸಾವಿರ. ಮಾಡ್‌ಗಳು ಸಿಗುವ ತಾಣದಲ್ಲಿ ಉಚಿತ ಖಾತೆಗೆ ಡೌನ್‌ಲೋಡ್ ವೇಗಕ್ಕೆ ಕಡಿವಾಣ ಇರುವುದರಿಂದ ಒಂದೇ ತಿಂಗಳ ಸದಸ್ಯತ್ವ ಕೊಂಡು, ಬೇಕಾದದ್ದನ್ನೆಲ್ಲ ಆ ತಿಂಗಳಲ್ಲೇ ಇಳಿಸಿಕೊಂಡೆ. ಎಲ್ಲ ಸೇರಿ ಏಳು ಸಾವಿರದ ಒಳಗೆ ಮುಗಿಯಿತು. ಕಾರ್ಡ್ ಹಳೆಯದೇ. ನಾಲ್ಕು ಜಿಬಿಯೊಳಗೆ ಹಿಡಿಸಿದ್ದು ಲೆಕ್ಕಾಚಾರದಿಂದ: ಬಿಸಿ7 ವಿಧಾನದಲ್ಲಿ ಕುಗ್ಗಿಸಿದ, ವಸ್ತುಗಳ ಮೈಗೆ ಹೊದಿಸುವ ಒಂದು 4ಕೆ ಚಿತ್ರ ಸುಮಾರು 21 ಎಂಬಿ, ಅದೇ 2ಕೆ ಆದರೆ ಐದಕ್ಕಿಂತ ಸ್ವಲ್ಪ ಹೆಚ್ಚು. ಬೆಟ್ಟ ಮತ್ತು ಡ್ರ್ಯಾಗನ್‌ಗಳಿಗೆ 2ಕೆ, ಬಟ್ಟಲು-ಬುಟ್ಟಿಗಳಿಗೆ 1ಕೆ. ಗಿಣ್ಣಿನ ತುಂಡನ್ನು 4ಕೆಯಲ್ಲಿ ನೋಡಿ ಯಾರಿಗೂ ಹೊಟ್ಟೆ ತುಂಬುವುದಿಲ್ಲ.

ನಡುವೆ ಒಂದು ಹುಚ್ಚು ಹಿಡಿದಿತ್ತು: ಮೆನುಗಳಲ್ಲಿ ಕನ್ನಡ ತರಬೇಕೆಂದು. ಅನುವಾದದ ಕಡತ ಎಲ್ಲ ಭಾಷೆಯ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-16ರಲ್ಲಿ ಇರುವುದರಿಂದ ಬರೆಯುವುದೇನೋ ಸುಲಭ. ಮೊದಲು ಬಂದದ್ದು ಬರೀ ಚೌಕಗಳು. ಅಕ್ಷರಶೈಲಿಯ ಕಡತ ಬದಲಿಸಿದ ಮೇಲೆ ಕನ್ನಡವೇನೋ ಬಂತು, ಆದರೆ ಒತ್ತಕ್ಷರಗಳು ಕೆಳಗೆ ಕೂರಲಿಲ್ಲ. “ಕತ್ತಿ” ಎಂಬುದು “ಕತ್‌ತಿ” ಆಗಿ ಅಡ್ಡಡ್ಡ ನಿಂತಿತು. ಮೂರು ಭಾನುವಾರ ಗುದ್ದಾಡಿ ಬಿಟ್ಟೆ. ಒತ್ತಿಲ್ಲದ ಪದಗಳನ್ನು ಮಾತ್ರ ಉಳಿಸಿಕೊಂಡಿದ್ದೇನೆ. ನನ್ನ ಆಟದಲ್ಲಿ ಸೇಬು “ಸೇಬು” ಎಂದೇ ಇದೆ.

ಗಣೇಶನ ಹಬ್ಬಕ್ಕೆ ಅಕ್ಕನ ಮಗ ಬಂದಿದ್ದ. ಮಧ್ಯಾಹ್ನ ಊಟವಾದ ಮೇಲೆ ಕುಳಿತವನು ರಿಫ್ಟನ್ ಸುತ್ತಮುತ್ತ ಮೂರು ಗಂಟೆ ತಿರುಗಿದ. ಫ್ರೇಮ್ ಸುಮಾರು 45ರಲ್ಲಿ ಓಡುತ್ತಿತ್ತು. “ಮಾಮ, ಪಟ್ಟಿ ಕಳುಹಿಸಿ” ಎಂದ. ಕಳುಹಿಸಿದೆ, ಪ್ಯಾಚ್ ಮಾತ್ರ ಇಟ್ಟುಕೊಂಡೆ. ಮಾರ್ಕಾರ್ತ್‌ಗೆ ಹೋಗು ಎಂದೂ ಹೇಳಲಿಲ್ಲ. ಅಲ್ಲಿ ಜಲಪಾತದ ಎದುರು ಈಗಲೂ 28ಕ್ಕೆ ಇಳಿಯುತ್ತದೆ. ಮುಂದಿನ ವಾರ ಅಲ್ಲಿನ ನೀರಿನ ಮಾಡ್ ಬದಲಿಸಿ ನೋಡಬೇಕು.