ಹ್ಯೂಸ್ಟನ್‌ಗೆ ಹೊಸದಾಗಿ ಬಂದವರಿಗೆ: ಕರೆಂಟ್ ಹೋದಾಗ ಕಾರೇ ಯುಪಿಎಸ್

ಅಮೆರಿಕದಲ್ಲಿ ಕರೆಂಟ್ ಹೋಗುವುದೇ ಇಲ್ಲ ಅಂದುಕೊಂಡು ಬರುವವರೇ ಜಾಸ್ತಿ. ಹ್ಯೂಸ್ಟನ್‌ನಲ್ಲಿ ಹೋಗುವುದು ಅಪರೂಪ, ನಿಜ. ಆದರೆ ಹೋದರೆ ಬೇಗ ಬರುವುದಿಲ್ಲ. 2021ರ ಫೆಬ್ರವರಿ ಚಳಿಯಲ್ಲಿ ಟೆಕ್ಸಸ್‌ನ 45 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿ-ಆಫೀಸುಗಳು ಕತ್ತಲಲ್ಲಿದ್ದವು. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ ಈ ಊರಿನ ಸುತ್ತಮುತ್ತ 22 ಲಕ್ಷಕ್ಕೂ ಹೆಚ್ಚು ಸಂಪರ್ಕಗಳು ಹೋದವು. ಕೆಲವರಿಗೆ ವಾರ ಕಳೆದರೂ ಬರಲಿಲ್ಲ, ಅದೂ ಜುಲೈ ಸೆಕೆಯಲ್ಲಿ.

ಹಾಗಾಗಿ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದರೆ ಡೀಲರ್‌ಗೆ ಇದನ್ನೂ ಕೇಳಿ: ಈ ಕಾರಿನಿಂದ ಕರೆಂಟ್ ಹೊರಗೆ ತೆಗೆಯಬಹುದಾ? ಹ್ಯುಂಡೈ ಅಯಾನಿಕ್ 5, ಕಿಯಾ ಇವಿ6ರಲ್ಲಿ ಆಗುತ್ತದೆ. ಚಾರ್ಜಿಂಗ್ ಪೋರ್ಟ್‌ಗೆ ಒಂದು ಅಡಾಪ್ಟರ್ ಸಿಕ್ಕಿಸಿದರೆ ಮಾಮೂಲಿ ಸಾಕೆಟ್ ಸಿಗುತ್ತದೆ. ಫೋರ್ಡ್ ಎಫ್-150 ಲೈಟ್ನಿಂಗ್‌ಗೆ ಟ್ರಕ್‌ನಲ್ಲೇ ಸಾಕೆಟ್‌ಗಳಿವೆ. ನಮ್ಮವರ ಮನೆಮುಂದೆ ಹೆಚ್ಚಾಗಿ ಕಾಣುವ ಟೆಸ್ಲಾ ಮಾಡೆಲ್ 3, ಮಾಡೆಲ್ ವೈಗಳಲ್ಲಿ ಬಹುಪಾಲಿಗೆ ಈ ಸೌಲಭ್ಯ ಇಲ್ಲ.

ಬೆಂಗಳೂರಿನ ಮನೆಯ ಯುಪಿಎಸ್‌ಗಿರುವ 150 ಆಂಪಿಯರ್-ಅವರ್ ಬ್ಯಾಟರಿ ಹಿಡಿಯುವುದು 1.8 ಯೂನಿಟ್. 2022ರ ಅಯಾನಿಕ್ 5ರ ದೊಡ್ಡ ಬ್ಯಾಟರಿ 77.4 ಯೂನಿಟ್. ಫ್ರಿಜ್‌ಗೆ ದಿನಕ್ಕೆ ಒಂದೆರಡು ಯೂನಿಟ್ ಸಾಕು. ಫ್ಯಾನು, ವೈಫೈ, ನಾಲ್ಕು ಎಲ್‌ಇಡಿ ದೀಪ ಲೆಕ್ಕಕ್ಕೇ ಇಲ್ಲ. ಅಂದರೆ ಬ್ಯಾಟರಿ ಖಾಲಿಯಾಗುವ ಚಿಂತೆ ಬೇಡ. ಚಿಂತೆ ಇರುವುದು ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಅನ್ನುವುದರಲ್ಲಿ. ಇಂಡಿಯಾದಲ್ಲಿ ಸಿಗುವ ಅಯಾನಿಕ್ 5 ಹೀಗೆ 3.6 ಕಿಲೋವ್ಯಾಟ್ ಕೊಡುತ್ತದೆ. ಇಲ್ಲಿಯದು 120 ವೋಲ್ಟ್, ಹಾಗಾಗಿ 2 ಕಿಲೋವ್ಯಾಟ್‌ಗೂ ಸ್ವಲ್ಪ ಕಡಿಮೆ.

ಈ ಮಿತಿಯಲ್ಲಿ ಸೆಂಟ್ರಲ್ ಎಸಿ ಓಡುವುದಿಲ್ಲ, ಆಸೆ ಬಿಡಿ. ಆದರೆ 5,000 ಬಿಟಿಯು (ಇಲ್ಲಿ ಎಸಿ ಸೈಜ್ ಅಳೆಯುವುದು ಹೀಗೆ) ಅನ್ನುವ ಚಿಕ್ಕ ಕಿಟಕಿ ಎಸಿ ಸುಮಾರು 500 ವ್ಯಾಟ್ ತಿನ್ನುತ್ತದೆ. ಅದನ್ನು ಒಂದು ರೂಮಿಗೆ ಹಾಕಿ, ಮಕ್ಕಳು, ಊರಿಂದ ಬಂದ ಅಪ್ಪ-ಅಮ್ಮ ಎಲ್ಲರೂ ಅಲ್ಲೇ ಮಲಗಿದರೆ ರಾತ್ರಿಗೆ ನಾಲ್ಕು ಯೂನಿಟ್ ಆದೀತು. ನನ್ನ ಕೇಳಿದರೆ ಫ್ರಿಜ್ ಬಿಟ್ಟರೆ ಮುಖ್ಯ ಇದೇ. ಇಂಡಕ್ಷನ್ ಸ್ಟವ್ ಒಂದೇ 1,800 ವ್ಯಾಟ್ ಕೇಳುತ್ತದೆ; ಫ್ರಿಜ್ ಜೊತೆ ಹಾಕಿದರೆ ಟ್ರಿಪ್ ಆಗಬಹುದು. ಇಂಡಿಯಾದಿಂದ ತಂದು ಟ್ರಾನ್ಸ್‌ಫಾರ್ಮರ್ ಮೇಲೆ ಓಡಿಸುವ ಮಿಕ್ಸಿಗೂ ಅಷ್ಟು ದಿನ ರಜೆ ಕೊಡಿ. ಚಟ್ನಿಪುಡಿ ಇದೆಯಲ್ವಾ.

ಎಕ್ಸ್‌ಟೆನ್ಶನ್ ಕಾರ್ಡ್ ಸಿಕ್ಕಿದ್ದು ತರಬೇಡಿ. ಹೊರಗೆ ಬಳಸುವ 12 ಗೇಜ್‌ನದು ತನ್ನಿ. ಗೇಜ್ ನಂಬರ್ ಚಿಕ್ಕದಾದಷ್ಟು ತಂತಿ ದಪ್ಪ. 16 ಗೇಜ್‌ನ ತೆಳುವಾದದ್ದು ಇಷ್ಟು ಲೋಡಿಗೆ ಬಿಸಿಯಾಗುತ್ತದೆ. ಸುರುಳಿ ಪೂರ್ತಿ ಬಿಚ್ಚಿ ಹಾಸಿ. ಅಡಾಪ್ಟರ್ ಮಳೆಗೆ ನೆನೆಯದಂತೆ ಕಾರನ್ನು ಗ್ಯಾರೇಜಿನಲ್ಲೇ ನಿಲ್ಲಿಸಿ. ಇದರಲ್ಲಿ ಹೊಗೆ ಇಲ್ಲ. ಪೆಟ್ರೋಲ್ ಜನರೇಟರನ್ನು ಗ್ಯಾರೇಜಿನೊಳಗೆ ಓಡಿಸಿ ಕಾರ್ಬನ್ ಮೊನಾಕ್ಸೈಡ್‌ನಿಂದ ಸತ್ತವರು ಈ ಊರಿನಲ್ಲಿದ್ದಾರೆ.

ಕಾರಿನ ಕರೆಂಟನ್ನು ಗೋಡೆಯ ಸಾಕೆಟ್‌ಗೆ ಹಿಮ್ಮುಖವಾಗಿ ಕೊಟ್ಟು ಇಡೀ ಮನೆ ಬೆಳಗಿಸುವ ಐಡಿಯಾ ಯಾರಾದರೂ ಕೊಟ್ಟರೆ ಕಿವಿಗೇ ಹಾಕಿಕೊಳ್ಳಬೇಡಿ. ಅದು ಬೀದಿಯ ಲೈನಿಗೆ ಹರಿದು, ರಿಪೇರಿ ಮಾಡುತ್ತಿರುವ ಲೈನ್‌ಮನ್ ಪ್ರಾಣ ತೆಗೆಯಬಹುದು. ಇಡೀ ಮನೆಗೆ ಬೇಕಿದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ, ಪರ್ಮಿಟ್ ತೆಗೆದು, ಮನೆಯನ್ನು ಬೀದಿಯ ಲೈನಿನಿಂದ ಬೇರ್ಪಡಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಬೇಕು. ಕಾರಿನ ಕಂಪನಿಗಳೇ ಮಾರುವ ಹೋಮ್ ಬ್ಯಾಕಪ್ ಕಿಟ್‌ಗಳಿಗೆ ಸಾವಿರಾರು ಡಾಲರ್ ಆಗುತ್ತದೆ. ಬಂದ ಹೊಸತರಲ್ಲಿ ಸುಮ್ನೆ ಆ ಖರ್ಚಿಗೆ ಕೈಹಾಕಬೇಡಿ.

ಅಪಾರ್ಟ್‌ಮೆಂಟ್‌ನಲ್ಲಿದ್ದರೆ ಮೂರನೇ ಮಹಡಿಗೆ ವೈರ್ ಎಳೆಯಲು ಬಿಡುವುದಿಲ್ಲ. ಆಗ ಕಾರೊಳಗೇ ಎಸಿ ಹಾಕಿ ಕೂತು, ಫೋನು-ಲ್ಯಾಪ್‌ಟಾಪ್ ಚಾರ್ಜ್ ಮಾಡಿಕೊಳ್ಳಬಹುದು.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಎಚ್ಚರಿಕೆ ಬಂದ ದಿನವೇ ನೂರಕ್ಕೆ ನೂರು ಚಾರ್ಜ್ ಮಾಡಿ. ಇಷ್ಟು ಪರ್ಸೆಂಟ್‌ಗೆ ಇಳಿದರೆ ಹೊರಗೆ ಕೊಡುವುದು ನಿಲ್ಲಲಿ ಅಂತ ಕಾರಿನ ಸೆಟ್ಟಿಂಗ್‌ನಲ್ಲಿ ಹಾಕಬಹುದು. ಅದನ್ನು 30ಕ್ಕೆ ಇಡಿ. ಊರು ಬಿಡಬೇಕಾಗಿ ಬಂದರೆ ದಾರಿಯ ಚಾರ್ಜರ್‌ಗಳಿಗೂ ಕರೆಂಟ್ ಇಲ್ಲದಿರಬಹುದು. ಅಡಾಪ್ಟರ್ ಎಲ್ಲ ಕಾರಿನ ಜೊತೆ ಬರುವುದಿಲ್ಲ. ರೇಟು ಮಾತಾಡುವಾಗಲೇ ಸೇರಿಸಿ ಕೊಡಿ ಅಂತ ಕೇಳಿ.