ಕಾಫಿ ಕಣದಲ್ಲಿ ಬಿಲ್ಲು ಕಲಿತ ಕಥೆ

ನಮ್ಮ ಕೊಡಗಲ್ಲಿ ಕೋವಿ ಕಂಡರೆ ಯಾರೂ ತಿರುಗಿ ನೋಡುವುದಿಲ್ಲ. ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ಕೋವಿಗೆ ತೋಕ್ ಪೂ ಅನ್ನುವ ಹೂ ಸಿಕ್ಕಿಸಿ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಆದರೆ ಬಿಲ್ಲು ಹಿಡಿದು ನಿಂತರೆ ಮಾತ್ರ ಹೋಗುವವರೆಲ್ಲ ನಿಲ್ಲುತ್ತಾರೆ. ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕ ಬರೆಯುವವನು. ಮೊದಲ ದಿನ ನಮ್ಮ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಏನ್ ರೈಟರೇ, ಹಂದಿ ಹೊಡೆಯೋಕಾ?"

"ಹಂದಿ ಹೊಡೆದ್ರೆ ಜೈಲು ಮಾರಾಯ್ರೇ, ಇದು ಬರೀ ಗೋಣಿಚೀಲಕ್ಕೆ" ಅಂದೆ. ಅವರು ನಂಬಲಿಲ್ಲ.

ಆಸೆ ಹುಟ್ಟಿದ್ದು 2010ರಲ್ಲಿ. ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಕುಮಾರಿ ಚಿನ್ನ ಗೆದ್ದರಲ್ಲ, ಆಗ. ಆಟೋ ಓಡಿಸುವವರ ಮಗಳು ಅಂತ ಪೇಪರಿನಲ್ಲಿ ಓದಿದ್ದೆ. ಆದರೆ ಅವರ ಕೈಯಲ್ಲಿದ್ದಂಥ ಬಿಲ್ಲಿಗೆ ಎಲ್ಲ ಸೇರಿಸಿದರೆ ಲಕ್ಷ ದಾಟುತ್ತದೆ. ನನ್ನ ಹತ್ತಿರ ಇದ್ದದ್ದು ಹತ್ತು ಸಾವಿರ, ಅದೂ ಬೋನಸ್ ಬಂದ ಮೇಲೆ.

ಕೊಂಡದ್ದು ಮರದ ಹಿಡಿಯ ರೀಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿದ್ದು. ಹಿಡಿಯ ಮೇಲೆ ಕೆಳಗೆ ಇರುವ ಎರಡು ತೋಳುಗಳನ್ನೂ ತಿರುಪು ಬಿಚ್ಚಿ ತೆಗೆಯಬಹುದು. ಮುಂದೆ ಬಲ ಹೆಚ್ಚು ಬೇಕಾದರೆ ತೋಳು ಮಾತ್ರ ಬದಲಿಸಿದರೆ ಸಾಕು, ಇಡೀ ಬಿಲ್ಲು ಬೇಡ. ಕಡಿಮೆ ದುಡ್ಡಿನವನಿಗೆ ಇದೇ ದೊಡ್ಡ ಲಾಭ. ಹೆದೆ ಎಳೆಯಲು ಬೇಕಾದ ಬಲವನ್ನು ಪೌಂಡಿನಲ್ಲಿ ಹೇಳುತ್ತಾರೆ. ಅಂಗಡಿಯವನು 38 ಪೌಂಡಿನದ್ದು ತೋರಿಸಿ, "ಗಂಡಸರಿಗೆ ಇದೇ ಸರಿ" ಅಂದ. ಎಳೆದು ನೋಡಿದೆ. ಎರಡು ಸಲ ಬಂತು, ಮೂರನೇ ಸಲಕ್ಕೆ ಭುಜ ನಡುಗಿತು. ಮರ್ಯಾದೆ ಬಿಟ್ಟು 24 ಪೌಂಡಿನದ್ದು ತಂದೆ. ಈ ಒಂದು ವಿಷಯದಲ್ಲಿ ನಾನು ಜಾಣ. ಭಾರದ ಬಿಲ್ಲಿನಲ್ಲಿ ಕಲಿಯುವುದು ಗುರಿಯಲ್ಲ, ಸುಮ್ನೆ ಒದ್ದಾಡುವುದು.

ಬಾಣದ ವಿಷಯದಲ್ಲಿ ಮಾತ್ರ ಪೂರಾ ಪೆದ್ದ. ಅಗ್ಗಕ್ಕೆ ಸಿಕ್ಕಿತೆಂದು 500 ಅಂತ ಬರೆದ ಕಾರ್ಬನ್ ಬಾಣ ಆರು ತಂದೆ. ಆರೂ ಎಡಕ್ಕೇ ಹೋದವು. ಒಂದು ತಿಂಗಳು ನನ್ನ ಕೈಯನ್ನೇ ಬೈದುಕೊಂಡೆ. ನಿಲ್ಲುವ ಭಂಗಿ ಬದಲಿಸಿದೆ, ಬೆರಳು ಬಿಡುವ ರೀತಿ ಬದಲಿಸಿದೆ. ಎಲ್ಲಾ ವ್ಯರ್ಥ. ಆಮೇಲೆ ಗೊತ್ತಾಯಿತು, ಆ ಸಂಖ್ಯೆ ಬಾಣ ಎಷ್ಟು ಬಾಗುತ್ತದೆ ಅನ್ನುವ ಲೆಕ್ಕ. 28 ಇಂಚು ಅಂತರದಲ್ಲಿ ಎರಡು ಕಡೆ ಆಧಾರ ಕೊಟ್ಟು, ನಡುವೆ 880 ಗ್ರಾಂ ತೂಗು ಹಾಕಿದರೆ ಅರ್ಧ ಇಂಚು ಬಾಗುವುದು 500. ಸಂಖ್ಯೆ ಜಾಸ್ತಿ ಆದಷ್ಟೂ ಬಾಣ ಮೆದು. ನನ್ನ ಮೆತ್ತನೆ ಬಿಲ್ಲಿಗೆ ಅದು ತೀರಾ ಬಿರುಸು. ಬಿರುಸು ಬಾಣ ಬಲಗೈಯವರಿಗೆ ಎಡಕ್ಕೆ ಬೀಳುತ್ತದೆ. ಮತ್ತೆ ದುಡ್ಡು ಹೊಂದಿಸಿ 900ರ ಆರು ಬಾಣ ತಂದೆ. ಮೊದಲನೇ ಬಾಣವೇ ನಡುಮಧ್ಯ! ಉಳಿದವು ಅಷ್ಟು ಚೆನ್ನಾಗಿ ಹೋಗಲಿಲ್ಲ ಅನ್ನಿ, ಆದರೆ ಎಡ ಬಲ ಎರಡೂ ಕಡೆ ಹೋದವು. ಅಂದರೆ ತಪ್ಪು ಈಗ ನನ್ನದೇ.

ಬಾಣದ ಉದ್ದಕ್ಕೆ ಲೆಕ್ಕ ಸುಲಭ. ಎರಡೂ ಕೈ ಚಾಚಿ ಬೆರಳ ತುದಿಯಿಂದ ತುದಿಗೆ ಅಳೆಯಿರಿ, ಎರಡೂವರೆಯಿಂದ ಭಾಗಿಸಿ. ನನಗೆ 69 ಇಂಚು, ಹಾಗಾಗಿ ಎಳೆತ, ಅಂದರೆ ಹೆದೆಯನ್ನು ಪೂರ್ತಿ ಎಳೆದಾಗಿನ ಉದ್ದ, ಸುಮಾರು 27.6 ಇಂಚು. ಹೊಸಬರಿಗೆ ಅದಕ್ಕಿಂತ ಎರಡು ಇಂಚು ಉದ್ದ ಬಾಣ ಇರಲಿ. ಗಿಡ್ಡ ಬಾಣ ಎಳೆಯುವಾಗ ಹಿಂದೆ ಜಾರಿದರೆ ನೇರ ಕೈಗೇ ನಾಟುತ್ತದೆ.

ಗುರಿಹಲಗೆಗೆ ಒಂದು ಪೈಸೆ ಹಾಕಲಿಲ್ಲ. ಮೊದಲು ಒಂದು ಗೋಣಿಯಲ್ಲಿ ಕಾಫಿ ಹೊಟ್ಟು ತುಂಬಿ ಗೋದಾಮಿನ ಗೋಡೆಗೆ ಒರಗಿಸಿದೆ. ಬಾಣ ಹೊಟ್ಟಿನೊಳಗೆ ಬೆಣ್ಣೆಯೊಳಗೆ ಹೋದಂತೆ ಹೋಗಿ ಗೋಡೆಗೆ ಬಡಿಯಿತು. ಮೊನೆ ಸೊಟ್ಟ. ಆಮೇಲೆ ಖಾಲಿ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಒಂದೊಂದಾಗಿ ತುಳಿದು ತುಳಿದು ಗೋಣಿಗೆ ತುರುಕಿ ಬಾಯಿ ಹೊಲಿದೆ. ನಲವತ್ತಕ್ಕೂ ಜಾಸ್ತಿ ಹಿಡಿಸಿದವು. ಅದು ಬಾಣವನ್ನು ಗಪ್ಪಂತ ಹಿಡಿಯುತ್ತದೆ, ಎರಡು ಬೆರಳಲ್ಲಿ ಎಳೆದರೆ ಬರುತ್ತದೆ. ಹಳೇ ಬಟ್ಟೆ ತುಂಬುವುದಾದರೆ ಗುಂಡಿ, ಜಿಪ್ ಕತ್ತರಿಸಿ. ಚೀಲವನ್ನು ಕಾಫಿ ಒಣಗಿಸುವ ಕಣದ ಕೊನೆಯಲ್ಲಿ ಮಣ್ಣಿನ ದಿಬ್ಬದ ಮುಂದೆ ಇಟ್ಟೆ. ಹಿಂದೆ ದಾರಿ ಇರುವ ಕಡೆ ಬಿಲ್ಲು ಎತ್ತಲೇಬಾರದು.

ಕೈಗವಚಕ್ಕೆ ಹಳೇ ಬೂಟಿನ ಚರ್ಮ ಕತ್ತರಿಸಿ ಎರಡು ಲಾಡಿ ಹಾಕಿದೆ. ಬೆರಳಿಗೂ ಅದೇ ಚರ್ಮದ ತುಂಡು. ಆ ಲಾಡಿ ಕಟ್ಟದೆ ಒಂದು ದಿನ ಹೊಡೆದಿದ್ದೆ, ಹೆದೆ ಬಡಿದು ಮೊಣಕೈ ಕೆಳಗೆ ನೇರಳೆ ಬಣ್ಣ. ಮನೆಯಲ್ಲಿ ಹೆಂಡತಿ ಕೇಳಿದಾಗ ಏಣಿಯಿಂದ ಬಿದ್ದೆ ಅಂದೆ.

ಕಣ ವರ್ಷವಿಡೀ ಸಿಗುವುದಿಲ್ಲ. ಕೊಯ್ಲು ಶುರುವಾದರೆ ಕಾಫಿ ಹರಡುತ್ತಾರೆ, ಜೂನಿನಿಂದ ಮಳೆ. ಮಳೆಗಾಲದಲ್ಲಿ ಗೋದಾಮಿನ ಒಳಗೆ ಐದು ಮೀಟರ್ ದೂರದಿಂದ, ಚೀಲಕ್ಕೆ ಗುರುತೇ ಹಾಕದೆ, ಕಣ್ಣು ಮುಚ್ಚಿ ಹೊಡೆದೆ. ಬಾಣ ಎಲ್ಲಿ ಹೋಯಿತು ಅನ್ನುವ ಯೋಚನೆ ಇಲ್ಲ. ಹೆದೆ ಗದ್ದಕ್ಕೆ ತಾಗಿತಾ, ಭುಜ ಮೇಲೆದ್ದಿತಾ, ಅಷ್ಟೇ. ಗುರಿ ಸುಧಾರಿಸಿದ್ದು ಹೊರಗೆ ಹೊಡೆದ ದಿನಗಳಿಗಿಂತ ಈ ಎರಡು ತಿಂಗಳಲ್ಲೇ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ: ಹೆದೆ ಇಳಿಸಿಯೇ ಇಡಬೇಕು. ನಮ್ಮ ತೇವಕ್ಕೆ ಮರದ ಹಿಡಿಯಲ್ಲೂ ಬೂಸ್ಟು ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಹೆದೆಗೆ ಮೇಣ ತಿಕ್ಕಿ, ಒಲೆಯಿಂದ ದೂರ ನೇತುಹಾಕುತ್ತೇನೆ. ಬಾಣ ಇಲ್ಲದೆ ಹೆದೆ ಬಿಡುವ ಹುಡುಗಾಟವೂ ಬೇಡ, ತೋಳು ಸೀಳಿ ಹೋಗುತ್ತದೆ.

ಪ್ರತಿ ಸಲ ಹೊಡೆಯುವ ಮುಂಚೆ ಕಾರ್ಬನ್ ಬಾಣವನ್ನು ಎರಡೂ ತುದಿ ಹಿಡಿದು, ಮುಖದಿಂದ ದೂರ ಇಟ್ಟು, ತಿರುಗಿಸುತ್ತಾ ಸ್ವಲ್ಪ ಬಗ್ಗಿಸಿ ಕಿವಿಗೊಡುತ್ತೇನೆ. ಚಿಟ್ ಅಂದರೆ ಆ ಬಾಣ ಮುಗಿಯಿತು. ಬಿರುಕು ಬಿಟ್ಟದ್ದು ಹೆದೆಯಿಂದ ಹೊರಡುವಾಗಲೇ ಸಿಡಿದು ಕೈಗೆ ನಾಟಬಹುದು. ಒಂದನ್ನು ಹೀಗೇ ಮುರಿದು ಎಸೆದೆ.

ಈಗ 18 ಮೀಟರ್‌ನಲ್ಲಿ ಊಟದ ತಟ್ಟೆಯಷ್ಟು ಜಾಗದೊಳಗೆ ಆರರಲ್ಲಿ ನಾಲ್ಕು ಬೀಳುತ್ತವೆ. ಅಂದರೆ, ಆರು ಇದ್ದಾಗ. ಮೂರು ಬಾಣ ಪಕ್ಕದ ರೋಬಸ್ಟಾ ಕಾಫಿ ಸಾಲಿನೊಳಗೆ ಮಾಯವಾಗಿದ್ದವು. ಮಳೆ ನಿಂತ ಮೇಲೆ ಕಳೆ ಕಡಿಯುವಾಗ ಹೆಂಗಸರಿಗೆ ಎರಡು ಸಿಕ್ಕಿದವು. ಮೇಸ್ತ್ರಿ ಅವನ್ನು ಹಾಜರಿ ಪುಸ್ತಕದ ಮೇಲೆ ಇಟ್ಟು, "ಹಂದಿ ಒಂದೂ ಸಿಗ್ಲಿಲ್ಲ ರೈಟರೇ" ಅಂದು ಹೋದರು. ಮೂರನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.